ಶುಕ್ರವಾರದ ತಾಲೀಮು

"ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಹಿಂದೆ ಸರಿಯಿರಿ" ಎಂದು ದೊಡ್ಡ ಕಟ್ಟಡಗಳ ಲಿಫ್ಟಿನಲ್ಲಿ ಒಂದು ಗಂಡುದನಿ ಹೇಳುತ್ತದಲ್ಲ, ಅದು ಅವನದು. ಬ್ಯಾಂಕಿಗೆ ಫೋನು ಮಾಡಿದವರಿಗೆ "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಬೆಣ್ಣೆ ಹಚ್ಚಿ, ಸಂಗೀತ ಕೇಳಿಸಿ, ಕಾಯಿಸಿ ಕಾಯಿಸಿ ಜೀವ ಹಿಂಡುವವನೂ ಅವನೇ. ತಿಮಿಂಗಿಲ, ಜ್ವಾಲಾಮುಖಿ, ಜೇನುನೊಣ ಮುಂತಾದವುಗಳ ಮೇಲೆ ಬೇರೆ ಭಾಷೆಗಳಲ್ಲಿ ತಯಾರಾದ ಸಾಕ್ಷ್ಯಚಿತ್ರಗಳು ಅವನ ಗಂಟಲನ್ನು ಹಾದೇ ನಮ್ಮ ಭಾಷೆಗೆ ಬರುತ್ತಿದ್ದವು. ಅಂಗಡಿಯಲ್ಲಿ ಸೋಪು ಕೇಳಿದರೆ ಅಂಗಡಿಯವನು ಒಮ್ಮೊಮ್ಮೆ ಕಣ್ಣು ಕಿರಿದು ಮಾಡಿ, "ನಿಮ್ಮನ್ನ ಎಲ್ಲೋ ನೋಡಿದೀನಲ್ಲ ಸಾರ್" ಅನ್ನುತ್ತಿದ್ದ. "ಇರಬಹುದು" ಎಂದು ಅವನು ಚಿಲ್ಲರೆ ಎತ್ತಿಕೊಂಡು ಹೊರಡುತ್ತಿದ್ದ. ಅವನನ್ನು ಯಾರೂ ನೋಡಿರಲಿಲ್ಲ.

ದನಿಯಿಂದಲೇ ಬದುಕು ಕಟ್ಟಿಕೊಂಡ ಆ ಮನುಷ್ಯನನ್ನು ದನಿಗಾರನೆಂದೇ ಕರೆಯೋಣ. ಅವನು ಕೆಲಸ ಮಾಡುವ ಕೋಣೆ ಒಂದು ದೊಡ್ಡ ಬೀರುವಿನಷ್ಟಿತ್ತು. ಗೋಡೆಗೆಲ್ಲ ಕಪ್ಪು ಸ್ಪಂಜು, ಎದುರಿಗೆ ಮೈಕು, ಪಕ್ಕದಲ್ಲಿ ಉಗುರುಬೆಚ್ಚಗಿನ ನೀರು ಮತ್ತು ಒಂದು ತಟ್ಟೆಯಲ್ಲಿ ಹೆಚ್ಚಿಟ್ಟ ಸೇಬು, ಬಾಯಿ ಒಣಗಿ ನಾಲಿಗೆ ಚಟ್ ಎನ್ನದಿರಲೆಂದು. ಗಾಜಿನಾಚೆ ಕೂತು ದನಿ ಮುದ್ರಿಸಿಕೊಳ್ಳುವವನು ಅವನನ್ನು 'ಬಾಗಿಲು ಸಾರ್' ಎಂದೇ ಕರೆಯುತ್ತಿದ್ದ. "ಬಾಗಿಲು ಸಾರ್, ಜೇನುನೊಣ ಸತ್ತಿದೆ, ನೀವು ಮದುವೆಮನೆಯಲ್ಲಿ ಇದ್ದಂಗಿದೀರಿ. ಇನ್ನೊಂದ್ಸಲ." ಇಂಥ ಚೇಷ್ಟೆಗಳ ಹೊರತಾಗಿ ಅವರಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಚಿತ್ರವನ್ನು ತೋರಿಸುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುತ್ತಿರಲಿಲ್ಲ. ಕೈಗೆ ಕಾಗದ ಬರುತ್ತಿತ್ತು, ಅವನು ಓದುತ್ತಿದ್ದ, ಓದಿದ್ದನ್ನು ಅವರು ಆಮೇಲೆ ಚಿತ್ರಕ್ಕೆ ಹೊಂದಿಸಿಕೊಳ್ಳುತ್ತಿದ್ದರು. "ಅಗೋ, ಅಲ್ಲಿ ನೋಡಿ" ಎಂದು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದವನು ಅಲ್ಲೇನಿದೆಯೆಂದು ನೋಡಿದ್ದು ತೀರ ಕಡಿಮೆ. ಇಬ್ಬರು ಮಾತಾಡುವ ಪ್ರಸಂಗವಿದ್ದರೆ ಅವನ ಕೈಗೆ ಅವನ ಸಾಲುಗಳು ಮಾತ್ರ ಸಿಗುತ್ತಿದ್ದವು. ಇನ್ನೊಬ್ಬರು ಇನ್ನಾವುದೋ ದಿನ ಬಂದು ತಮ್ಮ ಪಾಲಿನದನ್ನು ಹೇಳಿ ಹೋಗುತ್ತಿದ್ದರು. ಹೀಗೆ ಎಷ್ಟೋ ಜನರೊಂದಿಗೆ ಅವನು ಜಗಳವಾಡಿದ್ದ, ರಾಜಿಯಾಗಿದ್ದ, ಸಾಯುವ ಹೊತ್ತಿನಲ್ಲಿ ಕೈ ಹಿಡಿದಿದ್ದ. ಅವರಲ್ಲಿ ಒಬ್ಬರ ಮುಖವನ್ನೂ ಕಂಡಿರಲಿಲ್ಲ.

ತಾಲೀಮು ಮಾತ್ರ ಮನೆಯಲ್ಲಿ. ಮನೆಯೆಂದರೆ ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಒಂದು ಗೋಡೆಗೆ ಅವನು ಮೊಳೆಯನ್ನೂ ಹೊಡೆದಿರಲಿಲ್ಲ. ಆ ಬರಿಯ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿದರೆ ದನಿ ನೇರ ಕಿವಿಗೆ ಮರಳುತ್ತದೆ. ಎಲ್ಲಿ ತಗ್ಗಿತು, ಎಲ್ಲಿ ಎಳೆಯಿತು, ಎಲ್ಲಿ ಸುಳ್ಳಾಯಿತು ಎಂಬುದು ತಿಳಿಯುತ್ತದೆ. ಗೋಡೆಯ ಆಚೆ ಇನ್ನೊಂದು ಮನೆಯಿದೆಯೆಂಬುದು ಅವನಿಗೆ ಗೊತ್ತಿತ್ತು. ಆ ಮನೆಯ ಬಾಗಿಲಿಗೆ ಸದಾ ಬೀಗವೋ ಮೌನವೋ ಇರುತ್ತಿದ್ದುದರಿಂದ ಅದರ ಗೊಡವೆಗೆ ಅವನು ಹೋಗಿರಲಿಲ್ಲ.

ಈ ಮನೆಗೆ ಅವನು ಒಬ್ಬನೇ ಬಂದವನು. ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನವಿಡೀ ಮಾತಾಡಿ ಬಂದವನು ಗಂಟಲು ಕೆಡಬಾರದೆಂದು ಮನೆಯಲ್ಲಿ ತುಟಿ ಹೊಲಿದುಕೊಳ್ಳುತ್ತಿದ್ದ. ಕೇಳಿದ್ದಕ್ಕೆ ಕೈಸನ್ನೆ, ಹೆಚ್ಚೆಂದರೆ ಒಂದು 'ಹೂಂ'. ಮೊದಮೊದಲು ಅವಳು ನಕ್ಕಳು. ಆಮೇಲೆ ರೇಗಿದಳು. ಕೊನೆಗೊಂದು ದಿನ, "ನಿಮ್ಮ ದನಿ ಕೇಳ್ಬೇಕು ಅಂದ್ರೆ ನಾನು ಟಿವಿ ಹಾಕ್ಬೇಕು" ಎಂದಳು, ಅದೂ ಸಿಟ್ಟಿಲ್ಲದೆ. ಸಿಟ್ಟಿಲ್ಲದ ಆ ಮಾತು ಕೇಳಿದಾಗಲೇ ಅವನಿಗೆ ಸಂಸಾರ ಕೈ ತಪ್ಪಿತೆಂದು ಅರಿವಾದದ್ದು. ಮಗಳು ತಾಯಿಯ ಬಳಿ ಉಳಿದಳು. ಶನಿವಾರ ಬೆಳಿಗ್ಗೆ ತಾಯಿ ಅವಳನ್ನು ಗೇಟಿನ ಬಳಿ ಬಿಟ್ಟು ಹೋಗುವುದು, ಸಂಜೆ ಅಲ್ಲಿಂದಲೇ ಕರೆದೊಯ್ಯುವುದು ಎಂದು ಒಪ್ಪಂದವಾಯಿತು.

ಶನಿವಾರಗಳು ಸುಲಭದವಾಗಿರಲಿಲ್ಲ. ಮಗಳಿಗೆ ಆಗ ಒಂಬತ್ತು ತುಂಬಿತ್ತು. ಅವಳು ಬಂದು ಸೋಫಾದ ಒಂದು ತುದಿಯಲ್ಲಿ ಕಾಲು ಮಡಿಚಿ ಕೂರುತ್ತಿದ್ದಳು. ಇವನು ಇನ್ನೊಂದು ತುದಿಯಲ್ಲಿ. ಕಾಗದವಿಲ್ಲದೆ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಆದ್ದರಿಂದ ಅವನೊಂದು ಉಪಾಯ ಕಂಡುಕೊಂಡಿದ್ದ. ಶುಕ್ರವಾರ ಬೇರೆ ಕೆಲಸ ಒಪ್ಪಿಕೊಳ್ಳದೆ, ಮಗಳಿಗೆ ಹೇಳಬೇಕಾದ ಮಾತುಗಳನ್ನು ಗೋಡೆಯೆದುರು ನಿಂತು ತಾಲೀಮು ಮಾಡುತ್ತಿದ್ದ. "ಬಾ ಪುಟ್ಟಿ, ತಿಂಡಿ ಆಯ್ತಾ?" ಎಂಬುದನ್ನು ಒಮ್ಮೆ ನಗುತ್ತ, ಒಮ್ಮೆ ಸಹಜವಾಗಿ, ಒಮ್ಮೆ ಬೇರೇನೋ ಕೆಲಸ ಮಾಡುತ್ತಿರುವವನಂತೆ. ಶನಿವಾರ ಅವುಗಳಲ್ಲಿ ನಾಲ್ಕಾರು ಮಾತುಗಳನ್ನು ಹೇಗೋ ಆಡಿ ಮುಗಿಸುತ್ತಿದ್ದ. ಒಂದು ಮಾತನ್ನು ಮಾತ್ರ ಎಷ್ಟು ತಾಲೀಮು ಮಾಡಿದರೂ ಮಗಳೆದುರು ಬಾಯಿಗೆ ತರಲಾಗಿರಲಿಲ್ಲ: "ಇವತ್ತು ರಾತ್ರಿ ಇಲ್ಲೇ ಇರ್ತೀಯಾ ಪುಟ್ಟಿ?"

ಆ ವಾರದ ನಡುವೆ ಮಗಳ ತಾಯಿಯ ಫೋನು ಬಂತು.

"ನನಗೆ ಬೇರೆ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಭಾನುವಾರ ಸಾಮಾನು ಸಾಗಿಸ್ತೀವಿ. ಬಸ್ಸಲ್ಲಿ ಅರ್ಧ ದಿನದ ದಾರಿ. ಇನ್ನು ವಾರ ವಾರ ಕರ್ಕೊಂಡು ಬರೋದು ಕಷ್ಟ."

"ಹೂಂ."

"ಅವಳಿಗೇ ಬರ್ಬೇಕು ಅನ್ನಿಸಿದ್ರೆ ಏನಾದ್ರೂ ವ್ಯವಸ್ಥೆ ಮಾಡೋಣ. ಇಲ್ಲ ಅಂದ್ರೆ ಬಲವಂತ ಬೇಡ. ಶನಿವಾರ ಸಂಜೆ ನಿಮ್ಮೆದುರಿಗೇ ಕೇಳ್ತೀನಿ, ಆಮೇಲೆ ನಾನು ತಲೆ ಕೆಡಿಸಿದೆ ಅನ್ಬಾರ್ದು ನೀವು."

"ಹೂಂ."

"ಏನಾದ್ರೂ ಮಾತಾಡ್ತೀರಾ?"

ಮಾತಾಡಲಿಲ್ಲ. ಫೋನು ಕೆಳಗಿಟ್ಟ ಮೇಲೆ ಮಾತುಗಳು ನಾಮುಂದು ತಾಮುಂದು ಎಂದು ನುಗ್ಗಿ ಬಂದವು.

ಹೀಗೆ ಅವನ ಪಾಲಿಗೆ ಉಳಿದದ್ದು ಒಂದು ಶನಿವಾರ. ಆ ಒಂದು ಹಗಲಿನಲ್ಲಿ ಮಗಳಿಗೆ ತನ್ನ ಮನೆಗೆ ಬರಬೇಕು ಅನ್ನಿಸಬೇಕು. ಆಟಿಕೆ ಕೊಡಿಸುವುದು ಲಂಚವಾದೀತು. ಅತ್ತು ಕರೆಯುವುದು ಅವನಿಂದಾಗದು. ಯೋಚಿಸಿ ಯೋಚಿಸಿ, ಮೂರು ವರ್ಷದ ಹಿಂದೆ ತಾನು ದನಿ ಕೊಟ್ಟಿದ್ದ ಒಂದು ಸಾಕ್ಷ್ಯಚಿತ್ರ ನೆನಪಾಯಿತು. ಒಂದು ಛತ್ರಿಯ ಜಾಡು ಹಿಡಿದು ಹಿಂದೆ ಹಿಂದೆ ಹೋಗುವ ಚಿತ್ರ. ಒಬ್ಬರನ್ನೊಬ್ಬರು ಅರಿಯದ ಮನುಷ್ಯರು ಹೇಗೆ ಒಬ್ಬರ ಬದುಕಿನಲ್ಲೊಬ್ಬರು ಹೆಣೆದುಕೊಂಡಿದ್ದಾರೆಂದು ಹೇಳುವಂಥದ್ದು. ಅದರ ಕೆಲವು ಸಾಲುಗಳು ಈಗಲೂ ಬಾಯಿಪಾಠವಿದ್ದವು. ಅದನ್ನು ಮಗಳ ಜೊತೆ ಕೂತು ನೋಡುವುದು. ಮುಗಿದ ಮೇಲೆ, "ನೋಡಿದೆಯಾ ಪುಟ್ಟಿ, ದೂರ ಅನ್ನೋದು ದೊಡ್ಡದಲ್ಲ" ಎಂದು ಶುರುಮಾಡಿ ಮೆಲ್ಲನೆ ತಮ್ಮಿಬ್ಬರ ವಿಷಯಕ್ಕೆ ಬರುವುದು. ಶುಕ್ರವಾರವೆಲ್ಲ ಆ ಪೀಠಿಕೆಯನ್ನು ಗೋಡೆಗೆ ಒಪ್ಪಿಸಿದ. ರಾತ್ರಿ ಉಳಿಯುವ ಮಾತನ್ನೂ, ಬಿಡಲಾರದೆ, ಹೇಳಿ ನೋಡಿದ.

*

ಶನಿವಾರ ಮಗಳು ಬಂದಳು. "ಬಾ ಪುಟ್ಟಿ, ತಿಂಡಿ ಆಯ್ತಾ?" ಎಂದ.

"ಆಯ್ತು. ನಿಂದು?"

ಮರುಪ್ರಶ್ನೆಗೆ ತಾಲೀಮಾಗಿರಲಿಲ್ಲ. "ನಂದೂ" ಎಂದು ಸುಳ್ಳು ಹೇಳಿ ಟಿವಿಯ ರಿಮೋಟಿಗೆ ಕೈಹಾಕಿದ. "ಇವತ್ತೊಂದು ಚಿತ್ರ ನೋಡೋಣ. ಕಥೆ ಅಲ್ಲ, ನಿಜವಾದ ಜನರದ್ದು."

"ಪಾಠದ ಥರಾನಾ?" ಅವಳ ಮುಖ ಸಪ್ಪಗಾಯಿತು.

"ಇಲ್ಲ ಇಲ್ಲ. ಒಂದು ಛತ್ರಿಯದ್ದು."

"ಛತ್ರಿಯಲ್ಲಿ ಏನಿರುತ್ತೆ ನೋಡೋಕೆ?" ಎಂದರೂ ಅವಳು ದಿಂಬೊಂದನ್ನು ಮಡಿಲಿಗೆಳೆದುಕೊಂಡು ಕೂತಳು.

ಚಿತ್ರ ಒಂದು ಜನನಿಬಿಡ ರಸ್ತೆಯಲ್ಲಿ ಶುರುವಾಯಿತು. ಮಳೆ. ಒಂದು ಹುಡುಗಿ ನೀಲಿ ಛತ್ರಿ ಬಿಚ್ಚುತ್ತಾಳೆ. ಅಲ್ಲಿಂದ ಕ್ಯಾಮೆರಾ ಹಿಮ್ಮುಖವಾಗಿ ನಡೆದು ಅಂಗಡಿಗೆ, ಲಾರಿಗೆ, ಬಂದರಿಗೆ, ಹಡಗಿನ ಹೊಟ್ಟೆಗೆ ಹೋಯಿತು. ಕ್ರೇನಿನ ತುದಿಯಲ್ಲಿ ಕೂತು ಬುತ್ತಿ ಬಿಚ್ಚುವ ಒಬ್ಬಾತ. ಉಕ್ಕಿನ ತಂತಿಯನ್ನು ಎಳೆದೆಳೆದು ಕಡ್ಡಿ ಮಾಡುವ ಅಣ್ಣ-ತಮ್ಮ. ಬಟ್ಟೆಗೆ ಬಣ್ಣ ಹಾಕಿ ಹಾಕಿ ಉಗುರೆಲ್ಲ ನೀಲಿಯಾದ ಮುದುಕ. ದನಿಗಾರ ಮಗಳಿಗಿಂತ ಹೆಚ್ಚು ಬೆರಗಾಗಿ ನೋಡುತ್ತಿದ್ದ. ಉಗುರು ಇಷ್ಟು ನೀಲಿಯಿದ್ದೀತೆಂದು ಅವನು ಎಣಿಸಿರಲಿಲ್ಲ. ಗೊತ್ತಿದ್ದರೆ ಆ ಸಾಲನ್ನು ಇನ್ನಷ್ಟು ನಿಧಾನವಾಗಿ ಓದುತ್ತಿದ್ದ.

"ಈ ದನಿ..." ಮಗಳು ಇವನತ್ತ ತಿರುಗಿದಳು. "ನೀನಾ?"

"ಹೂಂ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಟಿವಿಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. "ಅಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತೀಯ!"

ಹೊಗಳಿಕೆಯೋ ದೂರೋ ತಿಳಿಯದೆ ಅವನು ನಕ್ಕ.

ಆಗ ಅವನು ಕಾದಿದ್ದ ಭಾಗ ಬಂತು. ಕಿಟಕಿಯಿಲ್ಲದ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತ ಹೆಂಗಸರು ಛತ್ರಿಯ ಬಟ್ಟೆಯನ್ನು ಒಂದೊಂದೇ ಕಡ್ಡಿಯ ತುದಿಗೆ ಕೈಯಿಂದ ಹೊಲಿಯುತ್ತಿದ್ದಾರೆ. ಕ್ಯಾಮೆರಾ ಅವರಲ್ಲಿ ಒಬ್ಬಳ ಬಳಿ ನಿಂತಿತು. ವಯಸ್ಸು ಹೆಚ್ಚೆಂದರೆ ಮೂವತ್ತಿರಬಹುದು. ಹಲ್ಲಿನಲ್ಲಿ ದಾರ ಕಡಿಯುತ್ತ ಅವಳು ಕ್ಯಾಮೆರಾದತ್ತ ನೋಡಿ ನಾಚಿ ಮುಖ ತಿರುಗಿಸಿದಳು. ಟಿವಿಯಲ್ಲಿ ದನಿಗಾರ ಹೇಳಿದ: "ಈಕೆಗೆ ನೀವು ಗೊತ್ತಿಲ್ಲ. ನಿಮಗೆ ಈಕೆ ಗೊತ್ತಿಲ್ಲ. ಆದರೂ ಮಳೆ ಬಂದಾಗಲೆಲ್ಲ ಈಕೆಯ ಕೈ ನಿಮ್ಮ ತಲೆಯ ಮೇಲಿರುತ್ತದೆ."

ಸೋಫಾದ ಮೇಲಿದ್ದ ದನಿಗಾರ ಮುಂದಕ್ಕೆ ಬಾಗಿದ. ಆ ಸಾಲನ್ನು ಓದಿದ ದಿನ ಅವನು ಮನದಲ್ಲಿ ಕಂಡಿದ್ದು ಒಬ್ಬ ಮುದುಕಿಯನ್ನು.

"ಅಪ್ಪ, ಅವಳು ಮನೆಗೆ ಹೋಗೋವಾಗ ಮಳೆ ಬಂದ್ರೆ ಅವಳ ಹತ್ರ ಛತ್ರಿ ಇರುತ್ತಾ?"

"ಗೊತ್ತಿಲ್ಲ ಪುಟ್ಟಿ."

"ನೀನೇ ಅಲ್ವಾ ಹೇಳ್ತಿರೋದು?"

"ಬರೆದುಕೊಟ್ಟಿದ್ದನ್ನ ಓದ್ತೀನಿ ಅಷ್ಟೇ. ಅದನ್ನ ಅವರು ಬರೆದಿರಲಿಲ್ಲ."

"ಕೇಳ್ಬೇಕಿತ್ತು."

ಅವಳು ಮೈಯೆಲ್ಲ ಕಣ್ಣಾಗಿ ಕೊನೆಯವರೆಗೂ ನೋಡಿದಳು. ಚಿತ್ರ ಮುಗಿದಾಗ ದಿಂಬು ನೆಲಕ್ಕೆ ಬಿದ್ದಿತ್ತು, ಅವಳು ಸೋಫಾದ ನಡುವಿಗೆ ಸರಿದಿದ್ದಳು. ಇದೇ ಹೊತ್ತೆಂದು ಅವನು ಬೆನ್ನು ನೆಟ್ಟಗೆ ಮಾಡಿಕೊಂಡ.

"ನೋಡಿದೆಯಾ ಪುಟ್ಟಿ, ದೂರ ಅನ್ನೋದು ದೊಡ್ಡದಲ್ಲ. ಯಾರೋ ಎಲ್ಲೋ ಹೊಲಿದದ್ದು ಇನ್ಯಾರಿಗೋ ನೆರಳಾಗುತ್ತೆ. ಒಬ್ಬರ ಮುಖ ಒಬ್ಬರು ನೋಡದೇ ಇದ್ರೂ ಮನುಷ್ಯರ ನಡುವೆ ಒಂದು ದಾರ ಇರುತ್ತೆ. ನೀನು ಬೇರೆ ಊರಿಗೆ ಹೋದ್ರೂ..."

ದನಿ ಅಚ್ಚುಕಟ್ಟಾಗಿತ್ತು, ತಗ್ಗಬೇಕಾದಲ್ಲಿ ತಗ್ಗಿತ್ತು, ನಿಲ್ಲಬೇಕಾದಲ್ಲಿ ನಿಂತಿತ್ತು. ಮಗಳು ಹುಬ್ಬು ಗಂಟಿಕ್ಕಿ ಆಲಿಸಿದಳು. ಬುದ್ಧಿವಂತ ಮಗು, ತಾಯಿಯಂತೆ ಲೆಕ್ಕ ಹಾಕುವಂಥದ್ದು.

"ಅಂದ್ರೆ ನಾನು ಇಲ್ಲಿಗೆ ಬರದೇ ಇದ್ರೂ ನಡೆಯುತ್ತೆ ಅಂತಾನಾ?"

"ಹಾಗಲ್ಲ!"

"ಮುಖ ನೋಡದೇ ಇದ್ರೂ ದಾರ ಇರುತ್ತೆ ಅಂದೆಯಲ್ಲ. ಛತ್ರಿಯವಳು ಏನು ನಮ್ಮನೆಗೆ ಬರ್ತಾಳಾ? ಬರಲ್ಲ. ಆದ್ರೂ ಸಂಬಂಧ ಇದೆ. ಹಂಗಿದ್ರೆ ನಾನೂ ಬರ್ಬೇಕಾಗಿಲ್ಲ."

ಕಟ್ಟಿದ ಪೀಠಿಕೆ ತಲೆಕೆಳಗಾಗಿ ಬಂದು ಅವನ ಕಾಲ ಮೇಲೇ ಬಿತ್ತು. ಛತ್ರಿಯವಳ ಸಂಬಂಧ ಬೇರೆ, ನಿನ್ನದು ಬೇರೆ ಎಂದು ಹೇಳಬೇಕಿತ್ತು. ಹೇಗೆ ಬೇರೆ ಎಂಬುದಕ್ಕೆ ಯಾರೂ ಕಾಗದ ಬರೆದುಕೊಟ್ಟಿರಲಿಲ್ಲ.

ಮಗಳ ಯೋಚನೆ ಅಷ್ಟರಲ್ಲಿ ಇನ್ನೆಲ್ಲಿಗೋ ಹೋಗಿತ್ತು. "ಎಲ್ಲರಿಗೂ ಎಲ್ಲರ ಜೊತೆ ಸಂಬಂಧ ಇದ್ರೆ ನೀನ್ಯಾಕೆ ಯಾವಾಗ್ಲೂ ಒಬ್ನೇ ಇರ್ತೀಯ?"

"ಕೆಲಸ ಇರುತ್ತಲ್ಲ ಪುಟ್ಟಿ."

"ಪಕ್ಕದ ಮನೇಲಿ ಯಾರಿದ್ದಾರೆ?"

"ಯಾರೋ ಇದ್ದಾರೆ."

"ಯಾರೋ ಅಂದ್ರೆ?"

"ಗೊತ್ತಿಲ್ಲ."

"ಸಮುದ್ರದ ಆಚೆ ಇರೋ ಛತ್ರಿಯವಳ ಕೈ ತಲೆ ಮೇಲಿದೆ ಅಂತೀಯ, ಗೋಡೆ ಆಚೆ ಯಾರಿದ್ದಾರೆ ಅಂತ ಗೊತ್ತಿಲ್ವಾ!" ಅವಳು ಎದ್ದು ನಿಂತಳು. "ಬಾ, ಕೇಳೋಣ."

"ಪುಟ್ಟಿ, ಬೇಡ, ಅವರಿಗೆ ತೊಂದರೆ..."

ಅಷ್ಟರಲ್ಲಿ ಅವಳು ಬರಿಗಾಲಲ್ಲೇ ಹೊರಗೆ ಹೋಗಿ ಪಕ್ಕದ ಬಾಗಿಲು ಬಡಿದಾಗಿತ್ತು.

*

ತುಸು ಹೊತ್ತು ಸದ್ದಿಲ್ಲ. "ಯಾರೂ ಇಲ್ಲ, ನಡಿ" ಎಂದು ದನಿಗಾರ ಪಿಸುಗುಟ್ಟುವಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತು. ಐವತ್ತರ ಆಸುಪಾಸಿನ ಹೆಂಗಸು, ಕೆದರಿದ ಕೂದಲು, ಹಾಸಿಗೆಯ ಗೆರೆ ಕೆನ್ನೆಯ ಮೇಲೆ ಹಾಗೇ ಮೂಡಿತ್ತು.

"ಏನಮ್ಮಾ?"

"ಆಂಟಿ, ಎಬ್ಬಿಸಿಬಿಟ್ವಾ?"

"ಎಬ್ಬಿಸಿದ್ದಾಯ್ತಲ್ಲ, ಈಗ ಹೇಳು."

"ನೀವು ಯಾರು ಅಂತ ನಮ್ಮಪ್ಪನಿಗೆ ಗೊತ್ತಿಲ್ವಂತೆ. ಅದಕ್ಕೇ ಕೇಳ್ಕೊಂಡು ಹೋಗೋಣ ಅಂತ ಬಂದ್ವಿ."

ದನಿಗಾರನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. "ಕ್ಷಮಿಸಿ ಮೇಡಂ, ಮಗು ಸುಮ್ನೆ..."

ಅವನ ದನಿ ಕೇಳಿದ್ದೇ ತಡ, ಹೆಂಗಸಿನ ನಿದ್ದೆ ಹಾರಿಹೋಯಿತು. "ಅಯ್ಯೋ! ತಿಮಿಂಗಿಲ!"

"ಏನಂದ್ರಿ?"

"ನೀವೇ ಅಲ್ವಾ ತಿಮಿಂಗಿಲದವರು? ಬನ್ನಿ ಬನ್ನಿ, ಒಳಗೆ ಬನ್ನಿ ಸಾರ್. ಮನೆ ಹರಡ್ಕೊಂಡಿದೆ, ನೋಡಬೇಡಿ."

ಅವನ ಮನೆಯನ್ನೇ ಕನ್ನಡಿಯಲ್ಲಿ ಹಿಡಿದಂತಿತ್ತು ಆ ಮನೆ; ಅಲ್ಲಿ ಎಡಕ್ಕಿದ್ದದ್ದು ಇಲ್ಲಿ ಬಲಕ್ಕೆ. ಅವನ ಬರಿಯ ಗೋಡೆಗೆ ಈಚೆಯಿಂದ ಅವಳ ಮಂಚ ಒತ್ತಿಕೊಂಡಿತ್ತು. ಅವನು ಮೂಗು ತಾಗಿಸಿ ನಿಲ್ಲುವ ಕಡೆಗೇ ಅವಳ ತಲೆದಿಂಬು.

ಅವಳು ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿ ಎಕ್ಸ್‌ರೇ ತೆಗೆಯುವಾಕೆ. ಹಗಲು ನಿದ್ದೆ, ಸಂಜೆಯಾದರೆ ಕೆಲಸಕ್ಕೆ. "ರಾತ್ರಿಯೆಲ್ಲ ನಾನು ಆಡೋದು ಮೂರೇ ಮಾತಮ್ಮ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಮೊನ್ನೆ ಒಬ್ಬ ತಾತನಿಗೆ ಬಿಡಿ ಅನ್ನೋದು ಮರೆತೇಹೋಯ್ತು. ಪಾಪ, ಮುಖ ಕೆಂಪಗೆ ಮಾಡ್ಕೊಂಡು ನಿಂತೇ ಇದ್ದಾರೆ, ಅಷ್ಟು ವಿಧೇಯ!" ಎಂದಾಗ ಮಗಳು ಖಿಲ್ಲನೆ ನಕ್ಕಳು. ಆ ನಗುವನ್ನು ತನ್ನ ಮನೆಯಲ್ಲಿ ಎಂದಾದರೂ ಕೇಳಿದ್ದೆನೇ ಎಂದು ದನಿಗಾರ ನೆನೆಸಿಕೊಳ್ಳಲು ನೋಡಿದ.

"ನಿಮ್ಮ ದನಿಗೆ ಮೊದಲು ಸಿಟ್ಟು ಬರ್ತಿತ್ತು ಸಾರ್, ಸುಳ್ಳ್ಯಾಕೆ ಹೇಳ್ಲಿ. ಒಂದಿನ ಗೋಡೆ ಗುದ್ದೋಣ ಅಂತ ಎದ್ದು ಕೂತೆ. ನೀವು ಆ ತಾಯಿ ತಿಮಿಂಗಿಲ ಮರಿ ಕಳ್ಕೊಂಡು ಹುಡುಕೋದು ಹೇಳ್ತಿದ್ರಿ. ಎತ್ತಿದ ಕೈ ಹಂಗೇ ನಿಂತ್ಬಿಡ್ತು. ಮಾರನೇ ದಿನ ಏನಾಯ್ತೋ ಅಂತ ಕಾದ್ರೆ ನೀವು ಜೇನುನೊಣಕ್ಕೆ ಹೋಗ್ಬಿಟ್ರಿ! ಮರಿ ಸಿಗ್ತಾ ಸಾರ್?"

"ಸಿಗ್ತು ಮೇಡಂ."

"ಸದ್ಯ." ಅವಳು ನಿಜವಾಗಿಯೂ ನಿಟ್ಟುಸಿರು ಬಿಟ್ಟಳು. "ಈಗಂತೂ ನೀವು ಮಾತಾಡದಿದ್ರೆ ನಂಗೆ ನಿದ್ದೇನೇ ಹತ್ತಲ್ಲ. ಅದಿರ್ಲಿ, ಆ ಶುಕ್ರವಾರದ ಧಾರಾವಾಹಿ ಯಾವ ಚಾನೆಲ್ಲಲ್ಲಿ ಬರುತ್ತೆ? ಹುಡುಕಿ ಹುಡುಕಿ ಸಾಕಾಯ್ತು."

ದನಿಗಾರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದೊಡನೆ ಎದ್ದು ನಿಂತ. "ಅದೇನಿಲ್ಲ ಮೇಡಂ. ಪುಟ್ಟಿ, ಏಳು, ಆಂಟಿಗೆ ನಿದ್ದೆ..."

"ಯಾವ ಧಾರಾವಾಹಿ ಆಂಟಿ?"

"ಅಪ್ಪ-ಮಗಳದ್ದು! ಅಪ್ಪನ ಪಾರ್ಟು ಇವರದ್ದು. 'ಬಾ ಪುಟ್ಟಿ, ತಿಂಡಿ ಆಯ್ತಾ?' ಅಂತ ಶುರುವಾಗುತ್ತೆ. ಅದನ್ನೇ ಎಷ್ಟು ಥರ ಹೇಳಿಸ್ತಾರಪ್ಪ ಅವರು! ನಗ್ತಾ ಒಂದ್ಸಲ, ಬಿಗಿಯಾಗಿ ಒಂದ್ಸಲ. ಆಮೇಲೆ ಆ ಮಗಳ ಟೀಚರ್ ಬಗ್ಗೆ ಕೇಳ್ತಾನೆ. ಅವಳ ಹಲ್ಲು ಬಿದ್ದಾಗ ಹಲ್ಲಿನ ಬಗ್ಗೆ ಒಂದು ಮಾತು ಕೇಳೋಕೆ ಏನು ಒದ್ದಾಡಿದ್ದ ಅಂತೀಯ!"

ಮಗಳ ನಾಲಿಗೆ ತಾನಾಗಿ ಹೊಸ ಹಲ್ಲಿನತ್ತ ಹೋಯಿತು. ಅವಳು ಅಪ್ಪನ ಕಡೆ ನೋಡಲಿಲ್ಲ.

"ಕೊನೇಲಿ ಮಾತ್ರ ಹೊಟ್ಟೆ ಉರಿಸ್ತಾರೆ. 'ಇವತ್ತು ರಾತ್ರಿ ಇಲ್ಲೇ ಇರ್ತೀಯಾ ಪುಟ್ಟಿ?' ಅಂತಾನೆ ಅಪ್ಪ. ಅಷ್ಟಕ್ಕೇ ನಿಂತಿದೆ. ಎಷ್ಟು ಶುಕ್ರವಾರದಿಂದ ಅದೇ ಸಾಲು! ನಿನ್ನೇನೂ ಅದೇ! ಆ ಡೈರೆಕ್ಟರಿಗೆ ತಲೆ ಇದೆಯಾ? ಮಗಳ ಪಾರ್ಟು ಬೇರೆ ಯಾರೋ ಮಾಡ್ತಾರೇನೋ, ನಂಗೆ ಕೇಳ್ಸೋದೇ ಇಲ್ಲ. ನೀವಾದ್ರೂ ಹೇಳಿ ಸಾರ್, ಇರ್ತೀನಿ ಅಂದ್ಲಾ, ಇಲ್ಲ ಅಂದ್ಲಾ?"

ದನಿಗಾರ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದ.

"ಅಪ್ಪ ಕೇಳೇ ಇಲ್ಲ ಆಂಟಿ" ಎಂದಳು ಮಗಳು.

ಹೆಂಗಸು ಮಗುವನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮುಖದಲ್ಲಿದ್ದ ಉತ್ಸಾಹ ಮೆಲ್ಲನೆ ಇಳಿಯಿತು. "ನಾನೊಬ್ಳು, ನಿದ್ದೆಗಣ್ಣಲ್ಲಿ ಏನೇನೋ ಬಡಬಡಿಸ್ತೀನಿ" ಎಂದು ಎದ್ದು, ಯಾವುದೋ ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತ, "ಬಿಸ್ಕತ್ತು ತಿಂತೀಯಾ ಮರಿ?" ಎಂದಳು. ಮಗಳು ಒಂದು ತೆಗೆದುಕೊಂಡಳು. ತಿನ್ನಲಿಲ್ಲ.

*

ಮನೆಗೆ ಮರಳಿ ಇಬ್ಬರೂ ಸೋಫಾದ ಮೇಲೆ ಕೂತರು. ಬೇರೆ ದಿನವಾಗಿದ್ದರೆ ಅವನು ಇಷ್ಟು ಹೊತ್ತಿಗೆ ಎದ್ದು ಅವಳ ಬ್ಯಾಗನ್ನು ಬಾಗಿಲ ಬಳಿ ಇಡುತ್ತಿದ್ದ. ಇಂದು ಅದನ್ನು ಮುಟ್ಟಲಿಲ್ಲ.

"ಟೈಮಾಗೋಕೆ ಮುಂಚೇನೇ ಬ್ಯಾಗು ಬಾಗಿಲ ಹತ್ರ ಇಟ್ಬಿಡ್ತೀಯ" ಎಂದಳು ಮಗಳು, ಬಿಸ್ಕತ್ತನ್ನು ಬೆರಳಲ್ಲಿ ತಿರುಗಿಸುತ್ತ. "ಶೂ ತಂದು ಕಾಲ ಮುಂದೆ ಇಡ್ತೀಯ. ನಾನು ಬೇಗ ಹೋದ್ರೆ ನಿಂಗೆ ಆರಾಮ ಅಂತ ಅಂದ್ಕೊಂಡಿದ್ದೆ."

"ಅಯ್ಯೋ ಪುಟ್ಟಿ." ಮುಂದಿನ ಮಾತಿಗೆ ಅವನು ತಡಕಾಡಿದ. "ಒಂದ್ಸಲ ತಡ ಆಗಿ ನಿಮ್ಮಮ್ಮ ಕೆಳಗೆ ಕಾದು ಕಾದು ಬೇಜಾರು ಮಾಡ್ಕೊಂಡಿದ್ಲು. ಆವತ್ತಿಂದ ನಂಗೆ ಭಯ. ಇನ್ನೊಂದ್ಸಲ ತಡ ಮಾಡಿದ್ರೆ ನಿನ್ನ ಕಳಿಸೋದೇ ನಿಲ್ಲಿಸ್ಬಿಟ್ರೆ ಅಂತ. ಅದಕ್ಕೆ... ಬ್ಯಾಗು ಇಡ್ತಿದ್ದೆ. ಹೋಗಲಿ ಅಂತಲ್ಲ."

"ನಿನ್ನ ದನಿಗೆ ಏನಾಯ್ತು?"

"ಯಾಕೆ?"

"ಬೇರೆ ಥರ ಇದೆ. ಶೀತ ಆದಂಗೆ."

ಅವನಿಗೂ ಅದು ಕೇಳಿಸುತ್ತಿತ್ತು. ತೆಳ್ಳಗಿನ, ಅಲ್ಲಲ್ಲಿ ಬಿರಿದ, ಯಾವ ಮೈಕೂ ಒಪ್ಪದ ದನಿ. ಗಾಜಿನಾಚೆಯವನು ಕೇಳಿದ್ದರೆ ಕೈಯೆತ್ತಿ ನಿಲ್ಲಿಸುತ್ತಿದ್ದ. ಅದೇ ದನಿಯಲ್ಲಿ, ನಿಲ್ಲಿಸಲು ಯಾರೂ ಇಲ್ಲದ್ದರಿಂದ, ಅವನು ಕೇಳಿಬಿಟ್ಟ. "ಇವತ್ತು ಇಲ್ಲೇ... ರಾತ್ರಿ ಇರ್ತೀಯಾ?"

"ಇವತ್ತಾಗಲ್ಲ ಅಪ್ಪ. ನಾಳೆ ಬೆಳಿಗ್ಗೆ ಸಾಮಾನಿನ ಲಾರಿ ಬರುತ್ತೆ. ನನ್ನ ಪುಸ್ತಕ ನಾನೇ ಡಬ್ಬಕ್ಕೆ ತುಂಬ್ಬೇಕು, ಇಲ್ಲಾಂದ್ರೆ ಅಮ್ಮ ಅರ್ಧ ಯಾರಿಗೋ ಕೊಟ್ಬಿಡ್ತಾಳೆ."

ಅವಳು 'ಹೂಂ' ಎಂದರೆ ಏನು ಹೇಳಬೇಕು, 'ಊಹೂಂ' ಎಂದರೆ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದೆಲ್ಲ ಅವನ ಬಳಿ ಸಿದ್ಧವಿತ್ತು. ಲಾರಿಯ ವಿಷಯ ಅವನ ಕಾಗದದಲ್ಲಿ ಇರಲಿಲ್ಲ. "ಹೌದಲ್ಲ" ಎಂದ. "ಪುಸ್ತಕ ಮೊದಲು ತುಂಬ್ಕೊ. ಭಾರದ್ದು ಕೆಳಗೆ ಹಾಕು."

"ಗೊತ್ತು" ಎಂದು ಅವಳು ಬಿಸ್ಕತ್ತನ್ನು ಮುರಿದು ಅರ್ಧ ಅವನಿಗೆ ಕೊಟ್ಟಳು.

ಸಂಜೆ ಗೇಟಿನ ಬಳಿ ಟ್ಯಾಕ್ಸಿ ಬಂದು ನಿಂತಿತು. ಮಗಳ ತಾಯಿ ಇಳಿದು, ಮೊದಲ ಸಲ, ಗೇಟಿನ ಒಳಕ್ಕೆ ನಾಲ್ಕು ಹೆಜ್ಜೆ ಬಂದಳು. ದಣಿದಿದ್ದಳು; ತೋಳಿನ ಮೇಲೆ ಪ್ಯಾಕಿಂಗಿನ ಟೇಪಿನ ತುಂಡೊಂದು ಅಂಟಿಕೊಂಡಿದ್ದು ಅವಳಿಗೆ ತಿಳಿದಿರಲಿಲ್ಲ.

"ಅಪ್ಪನ ಮುಂದೇನೇ ಕೇಳ್ತಿದೀನಿ ಮರಿ. ಹೊಸ ಊರಿಗೆ ಹೋದ ಮೇಲೆ ಪ್ರತಿ ಶನಿವಾರ ಇಲ್ಲಿಗೆ ಬರ್ತೀಯಾ? ನಿಂಗೆ ಏನನ್ಸುತ್ತೋ ಅದನ್ನ ಹೇಳು. ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ದನಿಗಾರ ಗೇಟಿನ ಕಂಬಿಯನ್ನು ಹಿಡಿದುಕೊಂಡ.

"ಪ್ರತಿ ಶನಿವಾರ ಬೇಡ" ಎಂದಳು ಮಗಳು.

ತಾಯಿ ಇವನತ್ತ ನೋಡಿದಳು. ಗೆದ್ದವಳ ನೋಟವಾಗಿರಲಿಲ್ಲ ಅದು. ಕನಿಕರವಿತ್ತು, ಅದನ್ನು ತಾಳುವುದೇ ಹೆಚ್ಚು ಕಷ್ಟವಾಯಿತು.

"ಅಷ್ಟು ದೂರ ಬಸ್ಸಲ್ಲಿ ನಂಗೆ ವಾಂತಿ ಬರುತ್ತೆ. ತಿಂಗಳಿಗೊಂದ್ಸಲ ಬರ್ತೀನಿ. ಆದ್ರೆ ರಾತ್ರಿ ಇಲ್ಲೇ ಇರ್ತೀನಿ. ಭಾನುವಾರ ಕರ್ಕೊಂಡು ಹೋಗು."

"ರಾತ್ರಿನಾ?" ತಾಯಿಯ ಹುಬ್ಬು ಮೇಲೇರಿತು. "ನೀವು ಹೇಳಿಕೊಟ್ರಾ?"

"ಇಲ್ಲ" ಎಂದ ಅವನು. "ಇರ್ತೀಯಾ ಅಂತ ಕೇಳಿದೆ. ಅಷ್ಟೇ."

"ನೀವು ಕೇಳಿದ್ರಾ? ಬಾಯಿ ಬಿಟ್ಟು?" ಎಂದವಳು, ತನ್ನ ಅಚ್ಚರಿ ಕಟುವಾಗಿ ಕೇಳಿಸಿತೇನೋ ಎಂದು ತಡೆದು, "ಸರಿ. ಹಾಗೇ ಆಗ್ಲಿ" ಎಂದು ಮುಗಿಸಿದಳು.

ಮಗಳಿಗೆ ಹೇಳಲು ಅವನಲ್ಲಿ ಮಾತುಗಳಿದ್ದವು, ಒಂದಕ್ಕಿಂತ ಒಂದು ಹದವಾದವು. ಅವನ್ನೆಲ್ಲ ನುಂಗಿ, "ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊ, ಗಾಳಿ ಬರುತ್ತೆ" ಎಂದ. ಅವಳು ತಲೆಯಾಡಿಸಿದಳು. ಅವಳು ಒಳಗೆ ಕೂತಮೇಲೆ ತಾಯಿ ಬಾಗಿಲು ಎಳೆದುಕೊಂಡಳು. ಟ್ಯಾಕ್ಸಿ ಹೊರಟಾಗ ಮಗಳು ತಾಯಿಯ ಕಡೆ ತಿರುಗಿ, ಕೈ ಬೀಸಿ ಬೀಸಿ, ಏನನ್ನೋ ಭರದಿಂದ ಹೇಳುತ್ತಿದ್ದುದು ಕಂಡಿತು. ಇವನತ್ತ ನೋಡುವುದು ಅವಳಿಗೆ ಮರೆತೇಹೋಗಿತ್ತು.

ತಿರುವಿನಲ್ಲಿ ಟ್ಯಾಕ್ಸಿ ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಅವಳು ಬರುತ್ತಾಳೆ, ಅದರಲ್ಲಿ ಇನ್ನು ಅನುಮಾನವಿರಲಿಲ್ಲ. ಆದರೆ ನಾಳೆ ಲಾರಿ ಬರುತ್ತದೆ, ಮುಂದಿನ ಶನಿವಾರ ಈ ಗೇಟಿಗೆ ಯಾರೂ ಬರುವುದಿಲ್ಲ, ಅದರ ಮುಂದಿನದಕ್ಕೂ ಬರುವುದಿಲ್ಲ. ಅಷ್ಟು ಉದ್ದದ ಹಗಲುಗಳನ್ನು ಮನುಷ್ಯ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಬೀದಿದೀಪಗಳು ಒಂದೊಂದಾಗಿ ಹೊತ್ತಿಕೊಳ್ಳತೊಡಗಿದವು. ಅವನು ಗೇಟನ್ನು ಮುಂದಕ್ಕೆ ದೂಡಿ, ಚಿಲಕ ಹಾಕದೆ, ಮೆಟ್ಟಿಲ ಕಡೆಗೆ ನಡೆದ.